ಕಲ್ಪನೆಯ ಲೋಕದ ಗುಡಿಗೆ ಏನು ಕೆಲಸ ಕೊಡಲಿ?

ಪ್ರಶ್ನೆ (ವಿಜಯಪುರ): ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಮಳೆ ಕಡಿಮೆ ಇರುವ ಸೀಮೆ, ಊರಿಗೊಂದು ಗುಡಿ. ನನ್ನ ಪೂಜಾರಿಗಳು ಸುಮ್ನೆ ಮಂತ್ರ ಹೇಳಿ ಗಾಯ ವಾಸಿ ಮಾಡುತ್ತಾರೆ, ಅಷ್ಟೇ. ಜನರ ದಿನದ ಬದುಕಿಗೆ ಗುಡಿ ಹೇಗೆ ಬೇಕಾಗುತ್ತದೆ?

ಉತ್ತರ (ಇಂಡಿ): ನಮ್ಮ ಸಾಲೋಟಗಿಯನ್ನೇ ನೋಡ್ರಿ. ರಾಷ್ಟ್ರಕೂಟರ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಗುಡಿಯಲ್ಲೇ ಶಾಲೆ ಕಟ್ಟಿಸಿದ, 945ರ ಶಾಸನವಿದೆ. ದೂರದ ನಾಡುಗಳಿಂದ ಬಂದ ಹುಡುಗರು ಇರಲು 27 ಮನೆ, ದೀಪದ ಖರ್ಚಿಗೂ ಬೇರೆ ಹೊಲ, ಊರಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಅಂತ ಕಾಣಿಕೆ! ದೀಪದ ಎಣ್ಣೆ ಎಲ್ಲಿಂದ ಬರುತ್ತದೆ ಅಂತ ಬರೆದರೆ ಅರ್ಧ ಲೋಕ ತಾನಾಗಿಯೇ ಕಟ್ಟಿಕೊಳ್ಳುತ್ತದೆ.

ಉತ್ತರ (ಬಾದಾಮಿ): ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವನ್ನೂ ಓದಿ. ಪಾಠದ ಜೊತೆಗೆ ಬಡವರಿಗೆ, ಕುರುಡರಿಗೆ ಊಟ, ರೋಗಿಗಳಿಗೆ ಔಷಧ. ಮಂತ್ರಕ್ಕಿಂತ ಇದೇ ಜಾಸ್ತಿ ನಂಬಿಕೆ ಹುಟ್ಟಿಸುತ್ತದೆ, ಅಲ್ವಾ? ನಿಮ್ಮದು ಬರದ ಸೀಮೆ ಅಂದಿರಿ, ಹಾಗಾದರೆ ಕಾಳಿನ ಉಗ್ರಾಣವನ್ನೂ ಕೆರೆಯ ತೂಬನ್ನೂ ಗುಡಿಗೇ ಕೊಡಿ. ಬರ ಬಂದಾಗ ಯಾರ ಹೊಲಕ್ಕೆ ಮೊದಲು ನೀರು? ಪೂಜಾರಿ ಅದನ್ನು ತೀರ್ಮಾನಿಸಬೇಕು.

ಕೇಳಿದವರು: ತೂಬಿನ ಕೀಲಿ ಪೂಜಾರಿಯ ಮಗಳ ಕೈಯಲ್ಲಿ ಇಡುತ್ತೇನೆ. ಮೊದಲ ಅಧ್ಯಾಯ ಇವತ್ತೇ ತಿದ್ದುತ್ತೇನೆ.