ಪದಚರ್ಚೆ: ವೆಕ್ಟರ್, ಪಾಥ್, ಸ್ಟ್ರೋಕ್ – ಲೇಸರ್ ಯಂತ್ರದ ಪಕ್ಕದ ಫಲಕಕ್ಕೆ, ನಾಳೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಹವ್ಯಾಸಿಗಳು ಬಂದು ಬಳಸುವ ಲೇಸರ್ ಯಂತ್ರದ ಪಕ್ಕಕ್ಕೊಂದು ಕನ್ನಡ ಫಲಕ, ಜೊತೆಗೆ ಇಂಕ್‌ಸ್ಕೇಪ್, ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್, ಅಫಿನಿಟಿ ಎಂಬ ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಯಾವುದು ಯಾರಿಗೆ ಎಂಬ ಒಂದು ಪುಟದ ಹೋಲಿಕೆ ಆಗಬೇಕಿದೆ. ಫಲಕ ನಾಳೆ ಮಧ್ಯಾಹ್ನ ಅಚ್ಚಿಗೆ. ಅಗಲ 40 ಸೆಂ.ಮೀ., ಉದ್ದನೆಯ ಸಮಾಸಗಳಿಗೆ ಜಾಗವಿಲ್ಲ.

ಸಿಕ್ಕಿಕೊಂಡಿರುವ ಸಾಲು: “ಫೈಲ್ ಕೊಡುವ ಮುಂಚೆ ಟೆಕ್ಸ್ಟನ್ನು ಪಾಥ್ ಮಾಡಿ. ಕತ್ತರಿಸುವ ಕಡೆ ಸ್ಟ್ರೋಕ್ ಕೆಂಪು, ಫಿಲ್ ಬೇಡ. ರಾಸ್ಟರ್ ಕೆತ್ತನೆಗೆ ಮಾತ್ರ.” ಇವಕ್ಕೆ, ಮತ್ತೆ ವೆಕ್ಟರ್, ನೋಡ್ ಎರಡಕ್ಕೆ, ಏನೆನ್ನೋಣ? (ವೆಕ್ಟರ್ ಎಂದರೆ ಗೆರೆಗಳ ಗಣಿತದಿಂದಾದ ಚಿತ್ರ, ರಾಸ್ಟರ್ ಎಂದರೆ ಪಿಕ್ಸೆಲ್ ಚುಕ್ಕಿಗಳಿಂದಾದ ಚಿತ್ರ, ನೋಡ್ ಎಂದರೆ ಪಾಥ್ ಮೇಲಿನ ಬಿಂದು.) ಭೌತಶಾಸ್ತ್ರದ ‘ಸದಿಶ’ ಗೊತ್ತು. ‘ಸದಿಶ ಚಿತ್ರ’ ಎಂದರೆ ಬಂದವರು ಬಾಣದ ಗುರುತು ಹುಡುಕುತ್ತಾರೆ.
– ರಾ.

——

ವೆಕ್ಟರ್ ಲ್ಯಾಟಿನ್ನಿನ ‘ವೆಹೆರೆ’ಯಿಂದ ಬಂದದ್ದು: ಹೊರು, ಸಾಗಿಸು. ಸಂಸ್ಕೃತದ ‘ವಹ್’ ಅದರ ಒಡಹುಟ್ಟು. ವಾಹನ, ಪ್ರವಾಹ, ವಿವಾಹ ಎಲ್ಲ ಒಂದೇ ಬಳ್ಳಿಯವು. ಆದ್ದರಿಂದ ‘ವಾಹಕಚಿತ್ರ’. ಪಾಥ್‌ಗೆ ‘ಪಥ’, ಉಚ್ಚಾರಣೆಯೂ ಹತ್ತಿರ. ಧಾತುವೇ ಸಿಕ್ಕಿರುವಾಗ ಇನ್ನೇನು ಚರ್ಚೆ?
– ಶಾ.

——

> ವಾಹಕಚಿತ್ರ

ಬೇಡ ಮೇಷ್ಟ್ರೇ. ಹತ್ತು ಸಾವಿರ ವೋಲ್ಟ್ ದಾಟುವ ಟ್ಯೂಬಿನ ಪಕ್ಕ ‘ವಾಹಕ’ ಎಂದು ಬರೆದರೆ ಓದಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಡೆಂಗಿ ಜಾಗೃತಿಯ ಕರಪತ್ರದಲ್ಲಿ ಸೊಳ್ಳೆಯೂ ವಾಹಕವೇ.

ಧಾತು ಬಿಟ್ಟು ಕೆಲಸ ನೋಡಿ. ಪಾಥ್‌ಗೆ ದಪ್ಪವಿಲ್ಲ, ಸ್ಟ್ರೋಕ್ ಎಂದರೆ ಅದರ ಮೇಲೆ ಬಳಿದ ಬಣ್ಣ, ಅದಕ್ಕೆ ದಪ್ಪವುಂಟು. ಎರಡಕ್ಕೂ ‘ಗೆರೆ’ ಎಂದಿರೋ ಕೆಟ್ಟಿತು. ಇಂಕ್‌ಸ್ಕೇಪ್‌ನಲ್ಲಿ 1 ಮಿ.ಮೀ. ದಪ್ಪದ ಗೆರೆ ಎಳೆದು ‘ಸ್ಟ್ರೋಕ್ ಟು ಪಾಥ್’ ಒತ್ತಿದರೆ ಆ ಬಣ್ಣದ ಎರಡೂ ಅಂಚು ಪಾಥ್ ಆಗುತ್ತವೆ. ಯಂತ್ರ ಎರಡೂ ಕಡೆ ಕೊಯ್ದು 1 ಮಿ.ಮೀ. ಪಟ್ಟಿಯೊಂದನ್ನು ಕೆಳಗೆ ಬೀಳಿಸುತ್ತದೆ. ಅಕ್ಷರಕ್ಕೆ ಒತ್ತಬೇಕಾದ್ದು ‘ಆಬ್ಜೆಕ್ಟ್ ಟು ಪಾಥ್’, ಶಿಫ್ಟ್+ಕಂಟ್ರೋಲ್+ಸಿ. ಇದನ್ನು ಬೇರೆ ಮಾಡಿ ತೋರಿಸದ ಪದ ಎಷ್ಟು ಚೆಂದವಿದ್ದರೂ ಫಲಕಕ್ಕೆ ಬರದು.

ನನ್ನ ಸೂಚನೆ: ಪಾಥ್ = ಎಳೆ, ಸ್ಟ್ರೋಕ್ = ಅಂಚುಬಣ್ಣ, ಫಿಲ್ = ಒಳಬಣ್ಣ. ನೋಡ್ = ಗೆಣ್ಣು, ಕಬ್ಬಿನದ್ದು: ಅಲ್ಲಿ ಜಲ್ಲೆ ತಿರುಗುವಂತೆ ಇಲ್ಲಿ ಎಳೆ ತಿರುಗುತ್ತದೆ.
– ಕೆ.

——

ಗೆಣ್ಣು, ಎಳೆ ಒಪ್ಪಿಗೆ. ಆದರೆ ಚಿತ್ರ ಯಾಕೆ? ‘ಎಳೆತಿಟ್ಟ’, ‘ಚುಕ್ಕಿತಿಟ್ಟ’ ಎನ್ನಿ. ‘ಪಥ’ವನ್ನು ಕನ್ನಡದ ಬಾಯಿ ‘ಪತ’ ಎಂದೇ ಉಲಿಯುವುದು, ಉಲಿಯದ ಬರಿಗೆ (ಅಕ್ಷರ) ಬರಹದಲ್ಲೂ ಬೇಡ.
– ಮಾ.

——

> ಚುಕ್ಕಿತಿಟ್ಟ

ತಿಟ್ಟವೋ ಚಿತ್ರವೋ, ತಪ್ಪಿರುವುದು ‘ಚುಕ್ಕಿ’ಯಲ್ಲಿ. ಅಂಗಳದ ರಂಗೋಲಿ ನೆನೆಸಿಕೊಳ್ಳಿ. ಚುಕ್ಕಿ ಇಡುವುದು ಎಳೆಗೆ ದಾರಿ ತೋರಲು. ಚುಕ್ಕಿ ಏಳಿದ್ದರೂ ಎಳೆ ಒಂದೇ, ಚುಕ್ಕಿಗಳ ನಡುವಿನ ಅಂತರ ಹಿಗ್ಗಿಸಿದರೆ ಇಡೀ ರಂಗೋಲಿ ಹಿಗ್ಗುತ್ತದೆ, ಎಳೆ ಒರಟಾಗುವುದಿಲ್ಲ. ಅಂದರೆ ಚುಕ್ಕಿ ರಂಗೋಲಿ ಶುದ್ಧ ವೆಕ್ಟರ್! ಅದನ್ನು ರಾಸ್ಟರ್‌ಗೆ ಕೊಟ್ಟರೆ ಗೊತ್ತಿದ್ದವರಿಗೂ ತಲೆಕೆಳಗಾಗುತ್ತದೆ.

ರಾಸ್ಟರ್‌ನ ಹಿಂದಿರುವುದು ಲ್ಯಾಟಿನ್ನಿನ ‘ರಾಸ್ಟ್ರಮ್’, ಮಣ್ಣು ಕೆದಕುವ ಹಲ್ಲಿನ ಸಲಕರಣೆ, ನಮ್ಮ ಹಲುಬೆಯಂಥದ್ದು. ಲೇಸರ್ ತಲೆಯೂ ಕೆತ್ತುವಾಗ ಎಡದಿಂದ ಬಲಕ್ಕೆ, ಒಂದು ಸಾಲು ಕೆಳಗಿಳಿದು ಬಲದಿಂದ ಎಡಕ್ಕೆ, ಹೊಲದಲ್ಲಿ ಎತ್ತು ತಿರುಗಿದ ಹಾಗೆಯೇ ಹೋಗುತ್ತದೆ. ‘ಸಾಲುಚಿತ್ರ’ ಎನ್ನಿ, ಯಂತ್ರವೇ ಅರ್ಥ ಹೇಳಿಕೊಡುತ್ತದೆ.
– ಲೀ.

——

ಹಲುಬೆ, ಎತ್ತು, ಕಬ್ಬು! ಯಂತ್ರದ ಪಕ್ಕದ ಕಂಪ್ಯೂಟರಿನಲ್ಲಿ ಮೆನು ಇಂಗ್ಲಿಷು. ಫಲಕದಲ್ಲಿ ‘ಎಳೆ’ ಓದಿದವರು ಮೆನುವಿನಲ್ಲಿ ಅದನ್ನು ಎಲ್ಲಿ ಹುಡುಕಬೇಕು? ಅಲಮಾರು, ಇಸ್ತ್ರಿ ಪೋರ್ಚುಗೀಸರಿಂದ ಬಂದವು, ಕಾಗದ ಪಾರಸಿಯಿಂದ. ಯಾರ ಮನೆಯೂ ಮೈಲಿಗೆಯಾಗಲಿಲ್ಲ. ‘ಪಾಥ್’ ಎಂದೇ ಬರೆಯಿರಿ.

ಪದಕ್ಕಿಂತ ಹೋಲಿಕೆಯ ಪುಟದಲ್ಲಿ ಇದು ತಪ್ಪದಿರಲಿ. ಇಂಕ್‌ಸ್ಕೇಪ್ 0.91ರವರೆಗೆ ಇಂಚಿಗೆ 90 ಪಿಕ್ಸೆಲ್, 0.92ರಿಂದ 96. ಹಳೆಯ ಫೈಲನ್ನು ಹೊಂದಿಸದೆ ತೆರೆದರೆ 100 ಮಿ.ಮೀ. ಡಬ್ಬಿ 93.75 ಆಗುತ್ತದೆ. ಇಲ್ಲಸ್ಟ್ರೇಟರ್ 72ರ ಲೆಕ್ಕದವನು. ಅಲ್ಲಿಂದ ಬಂದ ಎಸ್‌ವಿಜಿ (ವೆಕ್ಟರ್ ಚಿತ್ರದ) ಫೈಲನ್ನು 96ರ ಲೆಕ್ಕದಲ್ಲಿ ತೆರೆದರೆ ಅದೇ ಡಬ್ಬಿ 75. ತೆರೆದ ಕೂಡಲೇ ಒಂದು ಅಳತೆ ನೋಡಿಕೊಳ್ಳುವುದಷ್ಟೇ ಮದ್ದು.

ಕನ್ನಡ ಅಕ್ಷರ ಕತ್ತರಿಸುವ ಹವ್ಯಾಸಿಗೆ ಇಂಕ್‌ಸ್ಕೇಪ್ ಸಾಕು: ಕಾಸಿಲ್ಲ, ಯೂನಿಕೋಡ್ ಒತ್ತಕ್ಷರ ತಾನೇ ಕೂಡಿಕೊಳ್ಳುತ್ತದೆ. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ಇಂಡಿಕ್ ಆಯ್ಕೆ ತೋರಿಸುವಂತೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಒತ್ತು ಬಿಡಿಬಿಡಿ. ಅಫಿನಿಟಿ 2ರವರೆಗಂತೂ ಒತ್ತು ಕೂಡುವುದೇ ಇಲ್ಲ. ಎಳೆ ಮಾಡಿದ ಅಕ್ಷರವನ್ನು ಬೇರೆಡೆಯಿಂದ ತಂದುಕೊಳ್ಳಬೇಕು. ಕೋರೆಲ್‌ಡ್ರಾ ಇಟ್ಟುಕೊಂಡ ಡಿಟಿಪಿಯವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದುಕೊಟ್ಟರೆ, ಕರ್ವ್ (ಪಾಥ್‌ಗೆ ಕೋರೆಲ್‌ನ ಹೆಸರು) ಮಾಡಿಸಿಯೇ ತನ್ನಿ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷಿನ ಕಲಸುಮೇಲೋಗರವಾಗಿ ಕಾಣುತ್ತದೆ.
– ವೀ.

——

‘ಎಳೆ’ ಬೇಡ ಬೇಡ ಎನ್ನುತ್ತಲೇ ‘ಎಳೆ ಮಾಡಿದ ಅಕ್ಷರ’ ಎಂದು ನೀವೇ ಬರೆದಿದ್ದೀರಿ, ಮೂರು ಸಾಲು ಮೇಲೆ ನೋಡಿಕೊಳ್ಳಿ.

ಒಂದು ಸೇರಿಸುತ್ತೇನೆ. ಎಳೆ ಮಾಡಿದ ಮೇಲೆ ಗ್ರೂಪ್ ಬಿಡಿಸಿ, ಎಲ್ಲ ಆಯ್ದು ‘ಯೂನಿಯನ್’, ಕಂಟ್ರೋಲ್ ಮತ್ತು ಪ್ಲಸ್. ಕೆಲವು ಫಾಂಟುಗಳಲ್ಲಿ ಕೊಂಬು, ದೀರ್ಘ ಮೂಲಾಕ್ಷರದ ಮೇಲೆ ಹತ್ತಿ ಕೂತಿರುತ್ತವೆ. ಬೆಸೆಯದಿದ್ದರೆ ಅತಿಕ್ರಮಿಸಿದ ಜಾಗದೊಳಗೂ ಲೇಸರ್ ಹಾದು ಅಕ್ಷರದ ಕುತ್ತಿಗೆ ಕತ್ತರಿಸುತ್ತದೆ. ಹಾಳೆಯಲ್ಲಿ ತೂತಾಗಿ ಕೊರೆಯುವುದಾದರೆ ‘ಂ’ ನಡುವಿನ ಬಿಲ್ಲೆ ಬಿದ್ದುಹೋಗುತ್ತದೆ, 3 ಮಿ.ಮೀ. ಅಕ್ರಿಲಿಕ್‌ಗೆ ಒಂದೂವರೆಯಿಂದ 2 ಮಿ.ಮೀ. ಸೇತುವೆ ಬಿಡಿ. ಅಕ್ಷರವನ್ನೇ ಬಿಡಿಯಾಗಿ ಕತ್ತರಿಸುವುದಾದರೆ ‘ಥ’, ‘ಠ’ಗಳ ಹೊಟ್ಟೆಯ ಚುಕ್ಕಿ ಬೇರೆಯಾಗಿ ಬೂದಿಯ ತಟ್ಟೆಗೆ. ಶಾ. ಅವರ ‘ಪಥ’ಕ್ಕೂ ಅದೇ ಗತಿ.
– ಕೆ.

——

ನೋಡಿ, ಮಹಾಪ್ರಾಣ ಬೇಡವೆಂದು ಲೇಸರ್ರೇ ಹೇಳುತ್ತಿದೆ.
– ಮಾ.

——

ಲೇಸರ್ ಅನುಸ್ವಾರವನ್ನೂ ಬೇಡ ಎನ್ನುತ್ತಿದೆ. ಅದನ್ನೂ ಬಿಡುತ್ತೀರಾ? ‘ತಿಟ್ಟ’ ಎಂಬುದನ್ನು ಈ ಚರ್ಚಾಗುಂಪಿನ ಆಚೆ ಯಾರು ಆಡುತ್ತಾರೆ, ತೋರಿಸಿ.
– ಶಾ.

——

ದಯವಿಟ್ಟು ಆ ಜಗಳಕ್ಕೆ ಬೇರೆ ಎಳೆ ತೆಗೆಯಿರಿ. (ಅಲ್ಲೂ ‘ಎಳೆ’ ಎಂದೇ ಬಂತು.) ವೀ. ಅವರ ಆಕ್ಷೇಪ ನ್ಯಾಯವಾದದ್ದು, ಹಾಗಾಗಿ ಒತ್ತಬೇಕಾದ ಗುಂಡಿಯ ಹೆಸರು ಮಾತ್ರ ಇಂಗ್ಲಿಷಿನದೇ ಇರಲಿ. ಫಲಕ ಹೀಗೆ ಹೋಗುತ್ತಿದೆ:

“ಅಕ್ಷರವನ್ನು ಎಳೆಗೆ ಪರಿವರ್ತಿಸಿ: ಆಬ್ಜೆಕ್ಟ್ ಟು ಪಾಥ್, ಬಳಿಕ ಯೂನಿಯನ್.
ಕತ್ತರಿಸಲು: ಅಂಚುಬಣ್ಣ ಕೆಂಪು, ಒಳಬಣ್ಣ ಬೇಡ.
ಸಾಲುಚಿತ್ರ ಕೆತ್ತನೆಗೆ ಮಾತ್ರ.
ಒಂದು ಅಳತೆ ನೋಡಿ, ಆಮೇಲೆ ಒತ್ತಿ.”

ವೆಕ್ಟರ್‌ಗೆ ಹೋಲಿಕೆಯ ಪುಟದಲ್ಲಿ ‘ಎಳೆಚಿತ್ರ’. ಗೆಣ್ಣು ಅಲ್ಲಿಗೇ ಇರಲಿ, ಫಲಕದಲ್ಲಿ ಜಾಗವಿಲ್ಲ.
– ರಾ.

——

‘ಪರಿವರ್ತಿಸಿ’ ಯಾಕೆ? ‘ಅಕ್ಷರವನ್ನು ಎಳೆ ಮಾಡಿ.’ ನಾಲ್ಕು ಅಕ್ಷರದ ಜಾಗ ಉಳಿಯಿತು.
– ಮಾ.