ಒಂದೇ ಕಟ್ಟಡ, ಮೂರು ಲೆಕ್ಕ: ಯಾವುದನ್ನು ನಂಬೋದು?

ನೇಸರ:
ಎರಡು ಕಂಪನಿಗಳ ವಾರ್ಷಿಕ ವರದಿ ಪಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದೆ. ಎರಡಕ್ಕೂ ಬಾಡಿಗೆಗೆ ಕೊಟ್ಟ ಕಟ್ಟಡಗಳಿವೆ. ಒಂದು ಕಂಪನಿ ಕೊಂಡ ಬೆಲೆಯಿಂದ ಪ್ರತಿ ವರ್ಷ ಸವಕಳಿ, ಅಂದರೆ ಕಟ್ಟಡ ಹಳೆಯದಾಗುವುದಕ್ಕೆ ಹಿಡಿಯುವ ಖರ್ಚು, ಕಳೆಯುತ್ತದೆ. ಇನ್ನೊಂದು, ಕಟ್ಟಡದ ಬೆಲೆ ಏರಿತು ಅಂತ ಆ ಏರಿಕೆಯನ್ನೇ ಲಾಭಕ್ಕೆ ಸೇರಿಸಿಕೊಂಡಿದೆ. ಮಾರಿಲ್ಲ, ಬಿಡಿಗಾಸು ಕೈಗೆ ಬಂದಿಲ್ಲ. ಇದು ಓದುವವರ ಕಣ್ಣಿಗೆ ಮಣ್ಣೆರಚಿದ ಹಾಗೆ ಅಲ್ವಾ? ಕೊಂಡ ಬೆಲೆಗೇ ಎಲ್ಲವನ್ನೂ ಬರೆಯಬೇಕು ಅನ್ನೋದು ನನ್ನ ವಾದ.

ಹಳೇ ಆಡಿಟರ್:
ನಿಯಮದಲ್ಲೇ ಎರಡಕ್ಕೂ ಅವಕಾಶ ಇದೆ. ಕಟ್ಟಡ ಯಾವ ಕೆಲಸಕ್ಕೆ ಇದೆ ಅನ್ನೋದು ಮೊದಲ ಪ್ರಶ್ನೆ. ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಗಳಲ್ಲಿ (ಐಎಎಸ್), ಕಂಪನಿ ತಾನೇ ಬಳಸುವ ಆಫೀಸು, ಫ್ಯಾಕ್ಟರಿ ಐಎಎಸ್ 16ಕ್ಕೆ ಬರುತ್ತವೆ. ಬಾಡಿಗೆಗೆ ಅಂತಲೋ ಬೆಲೆ ಏರಲಿ ಅಂತಲೋ ಇಟ್ಟುಕೊಂಡದ್ದು ಐಎಎಸ್ 40ಕ್ಕೆ.

ಒಂದು ಕಟ್ಟಡ ಹಿಡಿಯಿರಿ. ನೆಲದ ಬೆಲೆ ಬಿಟ್ಟು 100 ಕೋಟಿ, ಬಾಳಿಕೆ 40 ವರ್ಷ. ವರ್ಷದ ಕೊನೆಗೆ ಮಾರುಕಟ್ಟೆ ಬೆಲೆ 120 ಕೋಟಿ. ಕೊಂಡ ಬೆಲೆಯ ದಾರಿ ಹಿಡಿದರೆ ಸವಕಳಿ 2.5 ಕೋಟಿ, ಪುಸ್ತಕದಲ್ಲಿ ಉಳಿಯೋದು 97.5. ಐಎಎಸ್ 16ರಲ್ಲೇ ಮರುಮೌಲ್ಯದ ದಾರಿ, ಅಂದರೆ ಪುಸ್ತಕದ ಬೆಲೆಯನ್ನು ಈಗಿನ ಬೆಲೆಗೆ ತರುವ ದಾರಿ, ಹಿಡಿದರೆ ಸವಕಳಿ ಅಷ್ಟೇ, ಆದರೆ 97.5ರಿಂದ 120ಕ್ಕೆ ಆದ 22.5 ಕೋಟಿ ಏರಿಕೆ ಲಾಭಕ್ಕೆ ಹೋಗದೆ ಮೀಸಲಿಗೆ, ಅಂದರೆ ಮಾಲೀಕರ ಬಂಡವಾಳದಲ್ಲಿ ಬೇರೆಯಾಗಿ ಇಡುವ ಖಾತೆಗೆ, ಹೋಗುತ್ತದೆ. ಮುಂದಿನ ವರ್ಷದಿಂದ ಸವಕಳಿಯೂ ಜಾಸ್ತಿ, ಯಾಕೆಂದರೆ ಈಗ 120ನ್ನು 39ರಿಂದ ಭಾಗಿಸಬೇಕು. ಐಎಎಸ್ 40ರ ಫೇರ್ ವ್ಯಾಲ್ಯೂ (ಈಗಿನ ಮಾರುಕಟ್ಟೆ ಬೆಲೆ) ದಾರಿಯಲ್ಲಿ ಸವಕಳಿಯೇ ಇಲ್ಲ, 20 ಕೋಟಿ ನೇರವಾಗಿ ಲಾಭಕ್ಕೆ. ನೀವು ನೋಡಿದ್ದು ಇದನ್ನೇ.

ನೇಸರ:
ಆ 120 ಅಂತ ಹೇಳಿದ್ದು ಯಾರು? ಬಾಡಿಗೆ ಎಷ್ಟು ಬರಬಹುದು, ಎಷ್ಟು ಕಾಲ ಖಾಲಿ ಬೀಳಬಹುದು ಅನ್ನುವ ಊಹೆ ತಾನೇ? ಕೊಂಡ ಬೆಲೆಗಾದರೆ ರಸೀದಿ ಇರುತ್ತದೆ.

ಕೋಡಿಗ:
ರಸೀದಿ ಇದ್ದರೂ ಬಾಳಿಕೆ ಎಷ್ಟು ಅನ್ನೋದು ಊಹೆಯೇ. 120 ಕೋಟಿಯ ಸರ್ವರ್‌ಗೆ 4 ವರ್ಷದ ಬಾಳಿಕೆ ಹಿಡಿದರೆ ವರ್ಷಕ್ಕೆ 30 ಕೋಟಿ ಸವಕಳಿ. ಎರಡು ವರ್ಷ ಕಳೆದ ಮೇಲೆ "ಇದು 6 ವರ್ಷ ಬರುತ್ತದೆ" ಅಂದರೆ, ಉಳಿದ 60 ಕೋಟಿ 4 ವರ್ಷಕ್ಕೆ ಹಂಚಿ ವರ್ಷಕ್ಕೆ 15 ಆಗುತ್ತದೆ. ಯಂತ್ರ ಅದೇ, ಲಾಭ 15 ಕೋಟಿ ಮೇಲೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 2023ರಲ್ಲಿ ಸರ್ವರ್ ಬಾಳಿಕೆಯನ್ನು 4ರಿಂದ 6 ವರ್ಷಕ್ಕೆ ಏರಿಸಿತು. ಅಮೆಜಾನ್ 2025ರಲ್ಲಿ ಕೆಲವು ಸರ್ವರ್‌ಗಳದ್ದನ್ನು 6ರಿಂದ 5ಕ್ಕೆ ಇಳಿಸಿತು.

ಸಾಫ್ಟ್‌ವೇರ್‌ನಲ್ಲಿ ಇದು ಇನ್ನೂ ಕಷ್ಟ. ಕಣ್ಣಿಗೆ ಕಾಣದ ಆಸ್ತಿಗಳ ನಿಯಮವಾದ ಐಎಎಸ್ 38ರ ಪ್ರಕಾರ ಸಂಶೋಧನೆಗೆ ಆದದ್ದೆಲ್ಲ ಖರ್ಚು. ಕೆಲಸ ಮುಗಿಸಲು ಆಗುತ್ತದೆ, ಮುಗಿಸುವ ಮನಸ್ಸೂ ದುಡ್ಡೂ ಇದೆ, ಮುಂದೆ ಪ್ರಯೋಜನ ಸಿಗುತ್ತದೆ, ಖರ್ಚನ್ನು ಸರಿಯಾಗಿ ಅಳೆಯಬಹುದು ಅಂತ ತೋರಿಸಿದ ಮೇಲೆ ಅಭಿವೃದ್ಧಿಗೆ ಆದದ್ದು ಮಾತ್ರ ಆಸ್ತಿ. ಹಿಂದೆ ನಾನಿದ್ದ ಕಂಪನಿಯ ಟೈಮ್‌ಶೀಟ್‌ನಲ್ಲಿ ಎರಡೇ ಖಾನೆ: ಹೊಸ ಕೆಲಸ, ರಿಪೇರಿ. ಲೆಕ್ಕದ ವರ್ಷದ ಕೊನೆಯ ತಿಂಗಳು. ಮೂರು ದಿನ ಕೂತು ಹಳೆಯ ಲಾಗಿನ್ ದೋಷ ಸರಿಮಾಡಿದ್ದೆ, 24 ಗಂಟೆ. "ಹೊಸ ಕೆಲಸಕ್ಕೆ ಹಾಕು" ಅಂದರು. ಹಾಕಿದೆ. ಆ ಸಂಬಳ ಖರ್ಚಾಗೋ ಬದಲು ಆಸ್ತಿಯಾಗಿ ಕೂತಿತು. ಈಗಲೂ ನೆನೆದರೆ ಕಸಿವಿಸಿ.

ಹಳೇ ಆಡಿಟರ್:
ಚಿಕ್ಕದು ಅಂತ ಬಿಡುವ ಹಾಗಿಲ್ಲ. ಅಮೆರಿಕದ ದೂರವಾಣಿ ಕಂಪನಿ ವರ್ಲ್ಡ್‌ಕಾಮ್ ಮಾಡಿದ್ದೂ ಇದನ್ನೇ. ಬೇರೆ ಕಂಪನಿಗಳ ಲೈನ್ ಬಳಸಿದ್ದಕ್ಕೆ ಕೊಟ್ಟ ಬಾಡಿಗೆಯನ್ನು ಆಸ್ತಿ ಅಂತ ಬರೆದರು. 2002ರ ಜೂನ್‌ನಲ್ಲಿ ಮೊದಲು ಹೊರಬಂದ ಮೊತ್ತವೇ 380 ಕೋಟಿ ಡಾಲರ್. ಮರುತಿಂಗಳೇ ದಿವಾಳಿ ಅರ್ಜಿ.

ಕ್ಲೌಡ್‌ದು ಒಂದು ಮಾತು. ಚಂದಾ ಕಟ್ಟಿ ಬಳಸುವ ಸಾಫ್ಟ್‌ವೇರ್ ನಮ್ಮ ಹಿಡಿತದಲ್ಲಿ ಇರೋದಿಲ್ಲ. ಅದನ್ನು ನಮಗೆ ಹೊಂದಿಸಿಕೊಳ್ಳಲು ಸುರಿದ ದುಡ್ಡು ಹೆಚ್ಚಿನ ಸಂದರ್ಭದಲ್ಲಿ ಖರ್ಚೇ. 2021ರ ಏಪ್ರಿಲ್‌ನಲ್ಲಿ ಈ ನಿಯಮಗಳಿಗೆ ಅರ್ಥ ಹೇಳುವ ಐಫ್ರಿಕ್ ಸಮಿತಿ ಇದನ್ನು ಬಿಡಿಸಿ ಹೇಳಿತು.

ಷೇರುದಾರ:
ನೇಸರ ಅವರೇ, ಕೊಂಡ ಬೆಲೆ ಸುರಕ್ಷಿತ ಅನ್ನೋದನ್ನು ನಾನು ಒಪ್ಪೋದಿಲ್ಲ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ನೋಡಿ. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇವೆ ಅಂತ ವಿಂಗಡಿಸಿದ ಬಾಂಡ್‌ಗಳು 2022ರ ಕೊನೆಗೆ ಪುಸ್ತಕದಲ್ಲಿ ಸುಮಾರು 9,100 ಕೋಟಿ ಡಾಲರ್. ಬಡ್ಡಿ ಏರಿದ್ದರಿಂದ ಮಾರುಕಟ್ಟೆ ಬೆಲೆ ಸುಮಾರು 7,600 ಕೋಟಿ. ಆ ಅಂತರ ಲಾಭ-ನಷ್ಟಕ್ಕೆ ಬರಲೇ ಇಲ್ಲ, ನಿಯಮವೇ ಹಾಗಿತ್ತು. 2023ರ ಮಾರ್ಚ್‌ನಲ್ಲಿ ಠೇವಣಿದಾರರು ಒಟ್ಟಿಗೆ ದುಡ್ಡು ಕೇಳಿದರು, ಬ್ಯಾಂಕ್ ಮುಳುಗಿತು. ಮಾರುಕಟ್ಟೆ ಬೆಲೆಯನ್ನು ಬ್ಯಾಂಕ್ ಮುಚ್ಚಿಟ್ಟಿರಲಿಲ್ಲ, ವರದಿಯಲ್ಲೇ ಇತ್ತು. ಆದರೆ ಹೆಚ್ಚಿನವರು ಲಾಭದ ಸಾಲು ನೋಡಿ ಪುಟ ತಿರುವುತ್ತಾರೆ.

ನೇಸರ:
ಇದು ನನಗೆ ಗೊತ್ತಿರಲಿಲ್ಲ. ಈಗ ಹೋಗಿ ನಾನು ಮೊದಲು ಹೇಳಿದ, ಸವಕಳಿ ಕಳೆಯುವ ಕಂಪನಿಯ ವರದಿಯ ಟಿಪ್ಪಣಿ ತೆಗೆದು ನೋಡಿದೆ. ಕೊಂಡ ಬೆಲೆ ಹಿಡಿದವರೂ ಕಟ್ಟಡದ ಫೇರ್ ವ್ಯಾಲ್ಯೂ ಕೊಟ್ಟಿದ್ದಾರೆ!

ಹಳೇ ಆಡಿಟರ್:
ಕೊಡಲೇಬೇಕು, ಐಎಎಸ್ 40 ಅದನ್ನು ಕೇಳುತ್ತದೆ. ಈಗ ಎರಡೂ ಕಂಪನಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು.

ನೇಸರ:
ಆದರೂ ಮಾರದ ಕಟ್ಟಡದ ಬೆಲೆ ಏರಿಕೆಯನ್ನು ಲಾಭ ಅಂತ ಕರೆಯೋದು ನನಗೆ ಒಪ್ಪಿಗೆ ಇಲ್ಲ. ಏರಿದರೆ ಮೀಸಲಿಗೆ ಹೋಗಲಿ. ಇಳಿದರೆ ಮೊದಲು ಆ ಮೀಸಲು ಕರಗಲಿ, ಸಾಲದಿದ್ದರೆ ಮಾತ್ರ ನಷ್ಟ ಅಂತ ಬರೆಯಲಿ.

ಹಳೇ ಆಡಿಟರ್:
ನೀವು ಈಗ ಹೇಳಿದ್ದು ಐಎಎಸ್ 16ರ ಮರುಮೌಲ್ಯದ ದಾರಿ, ಅಕ್ಷರಕ್ಕೆ ಅಕ್ಷರ. ಕೊಂಡ ಬೆಲೆಯ ವಾದ ನೀವೇ ಬಿಟ್ಟಿರಿ.