350 ಸ್ಮಾಲ್ ಬ್ಲಾಕ್‌ಗೆ ಸಾಲಿಡ್ ಟ್ಯಾಪೆಟ್ ಕ್ಯಾಮ್ ಹಾಕೋದಾ, ಹೈಡ್ರಾಲಿಕ್ಕೇ ಇರಲಾ?

ಆಲ್ದೂರು ವಿ8

ಗಾಡಿ 1972ರ ಷೆವರ್ಲೆ ಸಿ10 ಪಿಕಪ್. 350 ಘನ ಇಂಚಿನ ಸ್ಮಾಲ್ ಬ್ಲಾಕ್ ವಿ8 ಇಂಜಿನ್, ಕಂಪನಿಯ ಕಬ್ಬಿಣದ ಹೆಡ್, ರಾಕರ್ (ವಾಲ್ವ್ ಒತ್ತೋ ಸನ್ನೆ) ಕೂರೋ ಸ್ಟಡ್ ಒತ್ತಿ ಕೂರಿಸಿದ್ದು (ಹೆಡ್ಡಿನೊಳಗಿನ ತುದಿಗೆ ಥ್ರೆಡ್ ಇಲ್ಲ), ಕಂಪ್ರೆಷನ್ 9:1. ನಾಲ್ಕು ಗೇರು, ಹಿಂದಿನ ಆಕ್ಸಲ್ 3.73, ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ ಇದೆ. ಈಗಿರೋದು ಹೈಡ್ರಾಲಿಕ್ ಫ್ಲಾಟ್ ಟ್ಯಾಪೆಟ್ ಕ್ಯಾಮ್ (ಟ್ಯಾಪೆಟ್ ಅಂದರೆ ಲಿಫ್ಟರ್; ಹೈಡ್ರಾಲಿಕ್ ಒಳಗೆ ಎಣ್ಣೆ ತುಂಬಿ ಗ್ಯಾಪ್ ತಾನೇ ಮುಚ್ಚುತ್ತೆ, ಸಾಲಿಡ್‌ನ ಗ್ಯಾಪ್ ಕೈಯಲ್ಲಿ ಸೆಟ್ ಮಾಡಬೇಕು), ಅದರಲ್ಲಿ 5ನೇ ಸಿಲಿಂಡರಿನ ಎಕ್ಸಾಸ್ಟ್ ಲೋಬ್ (ವಾಲ್ವ್ ಎತ್ತೋ ಉಬ್ಬು) ಸವೆದಿದೆ. ಪುಶ್‌ರಾಡ್ ಮೇಲೆ ಡಯಲ್ ಗೇಜ್ ಇಟ್ಟರೆ ಪಕ್ಕದ ಲೋಬಿಗಿಂತ 40 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಕಡಿಮೆ ಎತ್ತುತ್ತೆ.

ದಿನಾ ಆಲ್ದೂರು, ಚಿಕ್ಕಮಗಳೂರು, ಹಾಸನ ಅಂತ ಓಡಾಟ, ಆಗಾಗ ಚಾರ್ಮಾಡಿ ಘಾಟಿ. ವರ್ಷಕ್ಕೆ ಎರಡು ಸಲ ಏರ್‌ಸ್ಟ್ರಿಪ್‌ನಲ್ಲಿ 402 ಮೀಟರ್ ಡ್ರ್ಯಾಗ್. ಸಾಲಿಡ್ ಹಾಕಿದ್ರೆ ಮೇಲೆ ಪವರ್ ಜಾಸ್ತಿ ಅಂತಾರೆ, ವಾರ ವಾರ ಟ್ಯಾಪೆಟ್ ಸೆಟ್ ಮಾಡ್ತಾ ಕೂರಬೇಕು ಅಂತಲೂ ಹೆದರಿಸ್ತಾರೆ. ರೋಲರ್ ಕ್ಯಾಮ್‌ಗೆ ದುಡ್ಡಿಲ್ಲ. ಯಾವುದಕ್ಕೆ ಹೋಗಲಿ?

ಬೇಲೂರು ರೋಡ್ ಲೇತ್

ಸರ್, ಎಷ್ಟು ಆರ್‌ಪಿಎಮ್‌ಗೆ ಗೇರ್ ಎತ್ತುತ್ತೀರಿ ಅನ್ನೋದರ ಮೇಲೆ ಉತ್ತರ ನಿಂತಿದೆ. ಕಂಪನಿ ಹೆಡ್ಡಿನ ಪೋರ್ಟ್ 5500 ದಾಟಿದ ಮೇಲೆ ಗಾಳಿ ಕೊಡಲ್ಲ. ಸರಿಯಾದ ಸ್ಪ್ರಿಂಗ್ ಇದ್ದರೆ ಹೈಡ್ರಾಲಿಕ್ 6000ದವರೆಗೆ ತಕರಾರಿಲ್ಲದೆ ಹೋಗುತ್ತೆ. ಅಂದ ಮೇಲೆ ಸಾಲಿಡ್‌ನಿಂದ ಸಿಗೋ ಲಾಭ ನಿಮ್ಮ ಹೆಡ್ ಉಸಿರುಗಟ್ಟಿದ ಮೇಲೆ ಶುರುವಾಗುತ್ತೆ. ಹೆಡ್ ಬದಲಾಯಿಸಿ 6500ಕ್ಕೆ ಎಳೆಯೋ ಯೋಚನೆ ಇದ್ದರೆ ಮಾತು ಬೇರೆ.

ಎರಡನೇದು ಆ ಸ್ಟಡ್. ಸಾಲಿಡ್ ಕ್ಯಾಮ್‌ನ ಲೋಬ್ ವಾಲ್ವನ್ನ ಚುರುಕಾಗಿ ಎತ್ತಿ ಇಳಿಸುತ್ತೆ, ಹಾಗಾಗಿ ಸ್ಪ್ರಿಂಗ್ ವಾಲ್ವ್ ಮುಚ್ಚಿದಾಗ 120–130 ಪೌಂಡ್, ಪೂರ್ತಿ ತೆರೆದಾಗ 300ರ ಮೇಲೆ ಬೇಕು. ಅಷ್ಟು ಒತ್ತಡಕ್ಕೆ ಒತ್ತಿ ಕೂರಿಸಿದ ಸ್ಟಡ್ ಕೂದಲೆಳೆಯಷ್ಟೇ ಮೇಲೆದ್ದು ಬರುತ್ತೆ. ಹೆಡ್ ಬಿಚ್ಚಿ ಥ್ರೆಡ್ ಹಾಕಿ ಸ್ಕ್ರೂ ಸ್ಟಡ್ ಕೂರಿಸೋ ಕೆಲಸ ಸೇರುತ್ತೆ. ಹೈಡ್ರಾಲಿಕ್‌ಗೆ 105–110 ಮುಚ್ಚಿದಾಗ, 270–280 ತೆರೆದಾಗ ಸಾಕು, ಇರೋ ಸ್ಟಡ್ ತಡೆಯುತ್ತೆ.

ಮೂರನೇದು ನಮ್ಮೂರಿನ ಎತ್ತರ. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ತೆಳು. ಡ್ಯೂರೇಷನ್ (ವಾಲ್ವ್ ತೆರೆದಿರೋ ಅವಧಿ, ಕ್ರ್ಯಾಂಕಿನ ಡಿಗ್ರಿಯಲ್ಲಿ) ಜಾಸ್ತಿ ಇರೋ ಕ್ಯಾಮ್ ಇನ್‌ಟೇಕ್ ವಾಲ್ವನ್ನ ತಡವಾಗಿ ಮುಚ್ಚುತ್ತೆ, ಕೆಳಗಿನ ಆರ್‌ಪಿಎಮ್‌ನಲ್ಲಿ ಒಳಗೆ ಬಂದ ಗಾಳಿ ವಾಪಸ್ ಹೊರಟುಹೋಗುತ್ತೆ. 9:1 ಕಂಪ್ರೆಷನ್‌ನಲ್ಲಿ ಘಾಟಿ ಹತ್ತುವಾಗ ಇದು ನೇರವಾಗಿ ಕಾಲಿಗೆ ಗೊತ್ತಾಗುತ್ತೆ. ನನ್ನ ಆಯ್ಕೆ: ಹೈಡ್ರಾಲಿಕ್, 50 ಥೌ ಲಿಫ್ಟ್‌ನಲ್ಲಿ ಅಳೆದ ಡ್ಯೂರೇಷನ್ 214ರಿಂದ 218 ಡಿಗ್ರಿ, ವಾಲ್ವ್ ಲಿಫ್ಟ್ 0.450 ಇಂಚಿನ ಆಸುಪಾಸು, ಲೋಬ್ ಸೆಪರೇಷನ್ (ಇನ್‌ಟೇಕ್, ಎಕ್ಸಾಸ್ಟ್ ಲೋಬುಗಳ ನಡುವಿನ ಕೋನ) 112. ಐಡಲ್‌ನಲ್ಲಿ ವ್ಯಾಕ್ಯೂಮ್ ಚೆನ್ನಾಗಿ ನಿಲ್ಲುತ್ತೆ. ಅದು 10–12 ಇಂಚು ಪಾದರಸಕ್ಕೆ ಇಳಿದರೆ ಬೂಸ್ಟರ್ ಕೈಕೊಡುತ್ತೆ, ಚಾರ್ಮಾಡಿ ಇಳಿಜಾರಿನಲ್ಲಿ ಅದು ಬೇಡ. ಲಿಫ್ಟ್ ಇದಕ್ಕಿಂತ ಜಾಸ್ತಿ ತಗೊಂಡರೆ ರಿಟೈನರ್ (ಸ್ಪ್ರಿಂಗ್ ಮೇಲಿನ ಬಟ್ಟಲು) ಕೆಳಗಿಳಿದು ವಾಲ್ವ್ ಸೀಲಿಗೆ ಬಡಿಯುತ್ತೆ. ಪೂರ್ತಿ ಎತ್ತಿದಾಗಲೂ ಮಧ್ಯೆ ಕನಿಷ್ಠ 50 ಥೌ ಉಳಿಯಬೇಕು.

ಸಕಲೇಶಪುರ ಟಾರ್ಕ್

ಲೇತ್ ಅಣ್ಣ ಹೇಳಿದ ಸ್ಪ್ರಿಂಗ್, ಸ್ಟಡ್ ಮಾತು ಒಪ್ಪಿದೆ. ಆದರೆ "ವಾರ ವಾರ ಟ್ಯಾಪೆಟ್" ಅನ್ನೋದು ಸಾಲಿಡ್ ಮೇಲೆ ಹೊರಿಸಿದ ಸುಳ್ಳು ಅಪವಾದ. ಪಾಲಿಲಾಕ್ (ಸಡಿಲವಾಗದ ಹಾಗೆ ಒಳಗೆ ಸ್ಕ್ರೂ ಇರೋ) ನಟ್ ಹಾಕಿ ಒಂದು ಸಲ ಬಿಸಿ ಇಂಜಿನ್‌ನಲ್ಲಿ ಸೆಟ್ ಮಾಡಿದರೆ ಗ್ಯಾಪ್ ಅಲ್ಲಾಡಲ್ಲ. ಗ್ಯಾಪ್ ಬದಲಾಗ್ತಾ ಇದ್ದರೆ ಇಂಜಿನ್ ಏನೋ ಹೇಳ್ತಿದೆ ಅಂತ ಅರ್ಥ. ಒಂದೇ ವಾಲ್ವಿನ ಗ್ಯಾಪ್ ಹೆಚ್ಚುತ್ತಾ ಹೋದರೆ ಲೋಬ್ ಸವೆತ, ನಟ್ ಸಡಿಲ ಅಥವಾ ಸ್ಟಡ್ ಮೇಲೇಳೋದು. ಕಡಿಮೆಯಾಗುತ್ತಾ ಹೋದರೆ ವಾಲ್ವ್ ಸೀಟಿನೊಳಗೆ ಇಳೀತಿದೆ. ಹೈಡ್ರಾಲಿಕ್ ಇದನ್ನೆಲ್ಲ ಎಣ್ಣೆ ತುಂಬಿ ಮುಚ್ಚಿಡುತ್ತೆ. ನಿಮ್ಮ 5ನೇ ಲೋಬ್ 40 ಥೌ ಸವೆಯೋವರೆಗೆ ಗೊತ್ತಾಗದೇ ಇದ್ದದ್ದಕ್ಕೆ ಅದೂ ಒಂದು ಕಾರಣ.

ಹೈಡ್ರಾಲಿಕ್ "ಪಂಪ್ ಅಪ್" ಆಗೋದಕ್ಕೂ ಲಿಫ್ಟರನ್ನ ಬೈಯೋದು ತಪ್ಪು. ಸ್ಪ್ರಿಂಗ್ ಸೋತು ವಾಲ್ವ್ ಲೋಬನ್ನ ಬಿಟ್ಟು ಹಾರಿದಾಗ ರಾಕರ್ ಸಾಲಿನಲ್ಲಿ ಖಾಲಿ ಜಾಗ ಬೀಳುತ್ತೆ, ಎಣ್ಣೆ ಒತ್ತಡ ಆ ಜಾಗ ತುಂಬುತ್ತೆ, ಆಮೇಲೆ ವಾಲ್ವ್ ಪೂರ್ತಿ ಮುಚ್ಚಲ್ಲ. ರೋಗ ಇರೋದು ಸ್ಪ್ರಿಂಗಲ್ಲಿ.

ಮುಂದೆ ಸಾಲಿಡ್‌ಗೆ ಹೋದರೆ ಎರಡು ವಿಷಯ. ಕ್ಯಾಟಲಾಗ್ ನೋಡುವಾಗ ಸಾಲಿಡ್‌ನ ಡ್ಯೂರೇಷನ್‌ನಿಂದ 8 ಡಿಗ್ರಿ ಕಳೆದು ಹೈಡ್ರಾಲಿಕ್ ಜೊತೆ ಹೋಲಿಸಿ, ಲಿಫ್ಟ್‌ನಿಂದ ಗ್ಯಾಪ್ ಕಳೀರಿ: 0.480 ಇಂಚು ಅಂತ ಬರೆದು ಗ್ಯಾಪ್ 22 ಥೌ ಇದ್ದರೆ ವಾಲ್ವ್ ನಿಜಕ್ಕೂ ಏಳೋದು 0.458. ಇನ್ನು ಸೆಟ್ ಮಾಡೋ ಕ್ರಮ: ಎಕ್ಸಾಸ್ಟ್ ತೆರೆಯೋಕೆ ಶುರುವಾದ ಕೂಡಲೇ ಅದೇ ಸಿಲಿಂಡರಿನ ಇನ್‌ಟೇಕ್ ಸೆಟ್ ಮಾಡಿ. ಇನ್‌ಟೇಕ್ ಪೂರ್ತಿ ತೆರೆದು ಮುಚ್ಚೋ ಹೊತ್ತಿಗೆ ಎಕ್ಸಾಸ್ಟ್ ಸೆಟ್ ಮಾಡಿ. ಬ್ಲಾಕೂ ಹೆಡ್ಡೂ ಕಬ್ಬಿಣವೇ ಆದ್ದರಿಂದ ತಣ್ಣಗಿರುವಾಗ ಕ್ಯಾಮ್ ಜೊತೆ ಬರೋ ಕಾರ್ಡಿನ ಬಿಸಿ ಅಳತೆಗೆ 2 ಥೌ ಸೇರಿಸಿ ಇಟ್ಟರೆ ಮೊದಲ ಸ್ಟಾರ್ಟಿಗೆ ಸಾಕು. ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಬೆಣ್ಣೆಯಲ್ಲಿ ಎಳೆದ ಹಾಗೆ ತುಸು ಹಿಡಿದು ಬರಬೇಕು.

ಹೇಮಾವತಿ ಗ್ಯಾರೇಜ್

ಸಾಲಿಡ್ಡೋ ಹೈಡ್ರಾಲಿಕ್ಕೋ, ಎರಡೂ ಫ್ಲಾಟ್ ಟ್ಯಾಪೆಟ್ಟೇ. ಆ ಲೋಬ್ ಯಾಕೆ ಸವೆಯಿತು ಅಂತ ಕಂಡುಹಿಡಿಯದೆ ಹೊಸ ಕ್ಯಾಮ್ ಹಾಕಿದರೆ ಅದೂ ಸವೆಯುತ್ತೆ.

ಸವೆದ 40 ಥೌ ಕಬ್ಬಿಣ ಎಣ್ಣೆಗೇ ಹೋಗಿದೆ. ಸಂಪ್ (ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಬಿಚ್ಚಿ, ಆಯಿಲ್ ಪಂಪ್ ತೊಳೆದು, ಒಂದೆರಡು ಬೇರಿಂಗ್ ತೆಗೆದು ನೋಡಲೇಬೇಕು. ಫ್ಲಾಟ್ ಟ್ಯಾಪೆಟ್‌ನ ತಳ ಹೆಸರಿಗೆ ಮಾತ್ರ ಫ್ಲಾಟ್. ಎರಡು ಹೊಸ ಲಿಫ್ಟರ್ ತಳಕ್ಕೆ ತಳ ಇಟ್ಟು ಹಿಡಿದರೆ ತೊಟ್ಟಿಲಿನ ಹಾಗೆ ತೂಗುತ್ತವೆ, ಅಷ್ಟು ಉಬ್ಬು ಇರುತ್ತೆ. ಆ ಉಬ್ಬೂ ಲೋಬಿನ ಓರೆಯೂ ಸೇರಿ ಲಿಫ್ಟರನ್ನ ತಿರುಗಿಸುತ್ತವೆ. ತಿರುಗದ ಲಿಫ್ಟರ್ ಲೋಬನ್ನ ತಿಂದುಹಾಕುತ್ತೆ. 5ನೇ ಎಕ್ಸಾಸ್ಟ್ ಬೋರಿಗೆ ಎಣ್ಣೆ ಸವರಿ ಹೊಸ ಲಿಫ್ಟರ್ ಬಿಡಿ, ತನ್ನ ಭಾರಕ್ಕೇ ಇಳಿಯಬೇಕು. ಹಿಡಿದರೆ ಅಂಟೋ ಗೀರೋ ಇದೆ, ಮೊದಲು ಅದನ್ನ ಸರಿ ಮಾಡಿ. ಹಳೇ ಲಿಫ್ಟರ್ ಹೊಸ ಕ್ಯಾಮ್ ಮೇಲೆ ಯಾವ ಕಾರಣಕ್ಕೂ ಹಾಕಬೇಡಿ.

ಲೋಬಿಗೂ ಲಿಫ್ಟರ್ ತಳಕ್ಕೂ ಮಾಲಿ (ಮಾಲಿಬ್ಡಿನಮ್) ಪೇಸ್ಟ್ ಧಾರಾಳವಾಗಿ ಹಚ್ಚಿ. ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ, 16 ರಾಕರಿಗೂ ಎಣ್ಣೆ ಬರೋವರೆಗೆ. ನಡುವೆ ಕ್ರ್ಯಾಂಕ್ ಸ್ವಲ್ಪ ಸ್ವಲ್ಪ ತಿರುಗಿಸಬೇಕು. ಕಾರ್ಬ್ಯುರೇಟರ್ ಬೌಲಿಗೆ ಪೆಟ್ರೋಲ್ ತುಂಬಿ, ಟೈಮಿಂಗ್ ಮೊದಲೇ ಕೂಡಿಸಿ, ಸ್ಟಾರ್ಟರ್ ಹೊಡೆಯುತ್ತಾ ಕೂರಬೇಡಿ. ಹಿಡಿದ ಕೂಡಲೇ 2000–2500ಕ್ಕೆ ಏರಿಸಿ 20ರಿಂದ 30 ನಿಮಿಷ ಏರಿಳಿಸುತ್ತಾ ಓಡಿಸಿ, ಐಡಲ್‌ಗೆ ಬಿಡಬೇಡಿ. ಲೋಬಿಗೆ ಎಣ್ಣೆ ಸಿಗೋದು ಕ್ರ್ಯಾಂಕ್ ಎರಚೋದರಿಂದ, ನಿಧಾನಕ್ಕೆ ತಿರುಗಿದರೆ ಎರಚಲು ಮುಟ್ಟಲ್ಲ. ಡಬಲ್ ಸ್ಪ್ರಿಂಗ್ ಇದ್ದರೆ ಒಳಗಿನದು ತೆಗೆದಿಟ್ಟು ರನ್ನಿಂಗ್ ಇನ್ (ಈ ಮೊದಲ ಓಟ) ಮುಗಿದ ಮೇಲೆ ಹಾಕಿ.

ಎಣ್ಣೆಯಲ್ಲಿ ಜಿಂಕ್ ಬೇಕೇ ಬೇಕು. ಈಗಿನ ಕಾರಿನ 5ಡಬ್ಲ್ಯು-30ಯಲ್ಲಿ ಅದು ಕಡಿಮೆ. ರನ್ನಿಂಗ್ ಇನ್‌ಗೆ ಅದಕ್ಕೇ ಮಾಡಿದ ಎಣ್ಣೆ, ಆಮೇಲೆ ಸಿಐ-4 ಪ್ಲಸ್ ದರ್ಜೆಯ 15ಡಬ್ಲ್ಯು-40 ಡೀಸೆಲ್ ಎಣ್ಣೆ ಹಾಕಿ.

ಆಲ್ದೂರು ವಿ8

ಮೂವರಿಗೂ ಧನ್ಯವಾದ. ಹೆಡ್ ಬದಲಾಯಿಸೋ ಯೋಚನೆ ಸದ್ಯಕ್ಕಿಲ್ಲ, ಹೈಡ್ರಾಲಿಕ್ಕೇ ಹಾಕ್ತೀನಿ, ಸಂಪ್ ಬಿಚ್ಚಿಯೇ. ಲಿಫ್ಟರ್ ಪ್ರೀಲೋಡ್ (ಗ್ಯಾಪ್ ಮುಗಿದ ಮೇಲೆ ನಟ್ ಇನ್ನೂ ಬಿಗಿಯೋದು) ಎಷ್ಟು ಸುತ್ತು ಕೊಡಲಿ? ಕೆಲವರು ಒಂದು ಪೂರ್ತಿ ಸುತ್ತು ಅಂತಾರೆ.

ಬೇಲೂರು ರೋಡ್ ಲೇತ್

ಅರ್ಧ ಸುತ್ತು ಸರ್. ನಿಮ್ಮ ಸ್ಟಡ್ಡಿನ ನಟ್ ಥ್ರೆಡ್ ಇಂಚಿಗೆ 24, ಅಂದರೆ ಒಂದು ಸುತ್ತಿಗೆ ನಟ್ ಹತ್ತಿರ ಹತ್ತಿರ 42 ಥೌ ಇಳಿಯುತ್ತೆ, ಅರ್ಧಕ್ಕೆ 21. ಶೂನ್ಯ ಗ್ಯಾಪ್ ಹುಡುಕುವಾಗ ಪುಶ್‌ರಾಡನ್ನ ಬೆರಳಲ್ಲಿ ತಿರುಗಿಸಿ ನೋಡಬೇಡಿ, ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಎಣ್ಣೆ ಸವರಿದ ಪುಶ್‌ರಾಡ್ ಲಿಫ್ಟರ್ ಒಳಗಿಳಿದ ಮೇಲೂ ಸಲೀಸಾಗಿ ತಿರುಗಿ ಮೋಸ ಮಾಡುತ್ತೆ. ಅಲ್ಲಾಟ ನಿಂತ ಜಾಗದಿಂದ ಅರ್ಧ ಸುತ್ತು. ಮೊದಲ ಸ್ಟಾರ್ಟಿಗೆ ಮುಂಚೆ ಒಂದೊಂದು ಪುಶ್‌ರಾಡಿಗೂ ಮಾರ್ಕರ್‌ನಲ್ಲಿ ಗೆರೆ ಎಳೆದಿಡಿ. ಒಂದು ಕಡೆಯ ವಾಲ್ವ್ ಕವರ್ ತೆಗೆದು ಒಂದೆರಡು ನಿಮಿಷ ನೋಡಿದರೆ ಗೆರೆ ಸುತ್ತುತ್ತಿದೆಯೋ ಇಲ್ಲವೋ ಕಾಣುತ್ತೆ. 5ನೇದು ಎಡಗಡೆ (ಅಮೆರಿಕದ ಗಾಡಿಯ ಡ್ರೈವರ್ ಕಡೆ) ಇದೆ, ಆ ಕವರ್ ಮೊದಲು ತೆಗೀರಿ, ಸುತ್ತದಿದ್ದರೆ ಕೂಡಲೇ ಆಫ್ ಮಾಡಿ.